ಫರಸಿಕಲ್ಲಿನ ನಾಡಿನಿಂದ ಕಡಲ ನಡುಗಡ್ಡೆಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ—ಈ ಹೆಸರುಗಳನ್ನು ಕೇಳಿದೊಡನೆ ವಾಚಕರ ಕಣ್ಣೆದುರಿಗೆ ಬಂದು ನಿಲ್ಲುವುದು ಬಿಸಿಲು, ತೊಗರಿಯ ಹೊಲ, ಸಿಮೆಂಟಿನ ಧೂಳು, ರೈಲಿನ ಸಿಳ್ಳು. ಕಡಲಿಗೂ ಈ ಊರುಗಳಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅರಬ್ಬೀ ಸಮುದ್ರ ನಮಗೆ ನಾನೂರು ಕಿಲೋಮೀಟರಿಗೂ ಮಿಕ್ಕ ದೂರ. ಬಂಗಾಳ ಕೊಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬೆಂಗಳೂರಿನ ಅಡುಗೆಮನೆಯ ಕಟ್ಟೆಯಿಂದ ಹಿಡಿದು ಕಲಬುರಗಿಯ ಪಡಸಾಲೆಯವರೆಗೆ ಎಲ್ಲೆಡೆ ಹಾಸಿರುವ ಶಹಾಬಾದಿನ ಫರಸಿಕಲ್ಲು ಹುಟ್ಟಿದ್ದೇ ಕಡಲ ತಳದಲ್ಲಿ. ಆಳವಿಲ್ಲದ ಒಂದು ಪುರಾತನ ಸಮುದ್ರದಲ್ಲಿ ಸುಣ್ಣದ ಕೆಸರು ಪದರಪದರವಾಗಿ ಇಳಿದು ಗಟ್ಟಿಯಾಗಿ ಈ ಕಲ್ಲಾಯಿತು. ಆದುದರಿಂದಲೇ ಅದು ಉಳಿಯ ಏಟಿಗೆ ರೊಟ್ಟಿಯ ಪದರದಂತೆ ಬಿಚ್ಚಿಕೊಳ್ಳುತ್ತದೆ. ಅರುವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಥೆಯಿದೆಂದು ಬಹುಮಂದಿ ಭೂವಿಜ್ಞಾನಿಗಳ ಎಣಿಕೆ. ಮೀನಾಗಲಿ ಚಿಪ್ಪಾಗಲಿ ಹುಟ್ಟುವುದಕ್ಕೆ ಮೊದಲಿನ ಕಡಲು ಅದು. ಚಿಂಚೋಳಿಯ ಕಡೆಗೆ ಹೋದರೆ ಕಪ್ಪು ಬಸಾಲ್ಟು, ಅದರ ಮೇಲೆ ಕೆಂಪು ಜಂಬಿಟ್ಟಿಗೆ. ಅಲ್ಲಿಯ ನೆಲದ ಮೇಲೆ ಕಡಲಿನ ಬಳಿಕ ಬೆಂಕಿಯೂ ಹರಿದುಹೋಗಿದೆ.

ನಂಟು ಕಲ್ಲಿನಲ್ಲಿಯೇ ಮುಗಿಯಲಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಎಂದರೆ ನೃಪತುಂಗನ ಮಾನ್ಯಖೇಟ, ಕಾಗಿಣಾ ನದಿಯ ದಂಡೆಯಲ್ಲಿ ಇಂದು ಹಳೆಯ ಕೋಟೆಯಿರುವ ಸಾಮಾನ್ಯ ಊರು. ಆದರೆ ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಕ್ರಿ.ಶ. 851ರ ಅರಬ್ಬೀ ಬರಹದಲ್ಲಿ ಜಗತ್ತಿನ ನಾಲ್ವರು ಮಹಾರಾಜರ ಸಾಲಿನಲ್ಲಿ ‘ಬಲ್ಹರಾ’ ಎಂದು ಕಾಣಿಸಿಕೊಳ್ಳುವವನು ಈ ಮಳಖೇಡದ ವಲ್ಲಭರಾಜನೇ. ಒಣನಾಡಿನ ನಮ್ಮ ದೊರೆಯ ಕೀರ್ತಿ ಪರದೇಶಕ್ಕೆ ಹೋದದ್ದು ಹಾಯಿಹಡಗನ್ನೇರಿ. ಈ ಮಾತನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ, ನಾವ್ಯಾರೂ ಸಮುದ್ರಾನೇ ನೋಡಿಲ್ರಿ” ಎಂದ. ಮೂವತ್ತೆಂಟು ಮಂದಿಯಲ್ಲಿ ನೋಡಿದವರು ಇಬ್ಬರು. ಅದೂ ಮುಂಬಯಿಯಲ್ಲಿ, ಗಾರೆಯ ಕೆಲಸಕ್ಕೆ ಹೋಗಿದ್ದ ತಂದೆತಾಯಿಗಳೊಡನೆ.

ನಮ್ಮ ಪ್ರವಾಸಕ್ಕೆ ಇದೇ ಮೂಲವಾಯಿತು. ಏಪ್ರಿಲಿನಲ್ಲಿ ಪರೀಕ್ಷೆಗಳು ಮುಗಿದೊಡನೆ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿಗಳೊಡನೆ ಬಸ್ಸು ಹೊರಟಿತು. ಮಕ್ಕಳಲ್ಲಿ ಅರ್ಧಕ್ಕರ್ಧ ಗಣಿಯಲ್ಲಿ ಕಲ್ಲು ಸೀಳುವವರ, ಕಾರ್ಖಾನೆಯಲ್ಲಿ ದಿನಗೂಲಿ ಮಾಡುವವರ ಮನೆಯವರು. ಪ್ರವಾಸದ ಹಣವನ್ನು ಎರಡು ಮೂರು ಕಂತುಗಳಲ್ಲಿ ಕೊಟ್ಟವರೇ ಬಹಳ. ಹುಬ್ಬಳ್ಳಿ, ಯಲ್ಲಾಪುರಗಳನ್ನು ಹಾದು, ಘಟ್ಟವಿಳಿದು, ಅಂಕೋಲೆಯಿಂದ ದಕ್ಷಿಣಕ್ಕೆ ತಿರುಗಿದೆವು. ಮರವಂತೆಯಲ್ಲಿ ಹೆದ್ದಾರಿಯ ಬಲಕ್ಕೆ ಸಮುದ್ರ, ಎಡಕ್ಕೆ ಸೌಪರ್ಣಿಕಾ ನದಿ. ಬಸ್ಸು ನಿಂತಿತು. ಆವರೆಗೆ ಅಂತ್ಯಾಕ್ಷರಿಯ ಗದ್ದಲದಲ್ಲಿದ್ದ ಮಕ್ಕಳು ಒಮ್ಮೆಗೇ ಮೌನವಾದರು. ಬಹಳ ಹೊತ್ತಿನ ಮೇಲೆ ಒಬ್ಬ ಹುಡುಗಿ ಮೆಲ್ಲನೆ ಕೇಳಿದಳು: “ಸರ, ಇದಕ್ಕ ಆಕಡಿ ದಂಡಿನೇ ಇಲ್ಲೇನ್ರಿ?”

ನಮ್ಮ ಗುರಿಯಿದ್ದದ್ದು ಉಡುಪಿಯ ಬಳಿಯ ಮಲ್ಪೆ ಬಂದರಿನಿಂದ ಸುಮಾರು ಆರು ಕಿಲೋಮೀಟರು ದೂರದಲ್ಲಿರುವ ಸೆಂಟ್ ಮೇರೀಸ್ ದ್ವೀಪ. ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಂದರಿನಲ್ಲಿ ಸಾಲಾಗಿ ನಿಂತಿದ್ದೆವು. ಆಕಾಶ ತೊಳೆದ ತಟ್ಟೆಯಂತಿತ್ತು. ಒಂದು ಎಲೆ ಅಲುಗುವಷ್ಟು ಗಾಳಿಯಿಲ್ಲ. ಇಂಥ ದಿನ ದೋಣಿಯ ಹಿರಿಯನೊಬ್ಬ ನಮ್ಮನ್ನು ನೋಡಿ ತಲೆಯಲ್ಲಾಡಿಸಿದ. “ಇವತ್ತು ಆಗುದಿಲ್ಲ ಮಾರಾಯ್ರೆ. ಕಡಲು ಸ್ವಲ್ಪ ಜೋರುಂಟು. ಅಲ್ಲಿ ಇಳಿಯುವಾಗ ಕಷ್ಟ.”

ಮಕ್ಕಳ ಮುಖ ಬಾಡಿತು. ಎರಡು ರಾತ್ರಿ ಬಸ್ಸಿನಲ್ಲಿ ಕುಳಿತು ಬಂದವರಿಗೆ, ಕಣ್ಣೆದುರಿಗೆ ತೆಂಗಿನ ಮರಗಳ ಕಪ್ಪು ಗೆರೆಯಂತೆ ಕಾಣುತ್ತಿದ್ದ ದ್ವೀಪ ಕೈಗೆ ಸಿಕ್ಕದೆ ಹೋಗುವುದೆಂದರೆ ಸಂಕಟವಲ್ಲವೆ? ಹೆಚ್ಚಿಗೆ ಹಣ ಕೊಟ್ಟರೆ ಬೇರೆ ಯಾರಾದರೂ ಒಯ್ದಾರೆಂದು ಒಬ್ಬಿಬ್ಬರು ಪಿಸುಗುಟ್ಟಿದರು. ನಾನು ಒಪ್ಪಲಿಲ್ಲ. ನೆಲದ ಮೇಲೆ ಮೇಷ್ಟರು ನಾನಾಗಿರಬಹುದು. ನೀರಿನ ಮೇಲೆ ಮೇಷ್ಟರು ಆತನೇ.

ಬಿಸಿಲು ಹೊಳೆಯುತ್ತಿರುವಾಗ ಕಡಲು ಜೋರಾಗುವುದು ಹೇಗೆ? ಬಯಲುಸೀಮೆಯವರಾದ ನಾವು ಹವೆಯನ್ನು ಅಳೆಯುವುದು ಕತ್ತೆತ್ತಿ ನೋಡಿ. ಮೋಡವಿದ್ದರೆ ಮಳೆ, ಇಲ್ಲದಿದ್ದರೆ ಇಲ್ಲ. ಕಡಲಿನ ಲೆಕ್ಕ ಬೇರೆ. ಮಲ್ಪೆಯ ದಡಕ್ಕೆ ಬಂದು ಒಡೆಯುವ ಅಲೆ ಮಲ್ಪೆಯಲ್ಲಿ ಹುಟ್ಟಿದ್ದೇ ಆಗಬೇಕಾಗಿಲ್ಲ. ಸ್ಥಳದ ಗಾಳಿ ಎಬ್ಬಿಸುವ ಅಲೆ ಗಿಡ್ಡ. ಐದಾರು ಅಥವಾ ಏಳೆಂಟು ಸೆಕೆಂಡಿಗೊಂದರಂತೆ ಬರುತ್ತದೆ. ಆದರೆ ಭೂಮಧ್ಯರೇಖೆಯ ಆಚೆ, ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಬಿರುಗಾಳಿಯೆದ್ದರೆ ಅಲ್ಲಿ ಹುಟ್ಟಿದ ಅಲೆಗಳು ಗಾಳಿಯನ್ನು ಹಿಂದಿಕ್ಕಿ ಉತ್ತರಕ್ಕೆ ಹೊರಡುತ್ತವೆ. ಇವು ಉದ್ದನೆಯ ಅಲೆಗಳು; ಒಂದಕ್ಕೂ ಇನ್ನೊಂದಕ್ಕೂ ನಡುವೆ ಹದಿನಾಲ್ಕರಿಂದ ಇಪ್ಪತ್ತು ಸೆಕೆಂಡು. ಹದಿನಾರು ಸೆಕೆಂಡಿನ ಅಲೆಗಳ ದಂಡು ಗಂಟೆಗೆ ಸುಮಾರು 45 ಕಿಲೋಮೀಟರು ಸಾಗುತ್ತದೆ—ವಾಡಿಯ ಕಡೆಯ ನಮ್ಮ ಪ್ಯಾಸೆಂಜರ್ ರೈಲಿನ ವೇಗವೆನ್ನಿ. ರೈಲಿಗೆ ನಿಲ್ದಾಣಗಳುಂಟು, ಅಲೆಗಿಲ್ಲ. ಹಗಲಿರುಳೆನ್ನದೆ ದಿನಕ್ಕೆ ಸಾವಿರ ಕಿಲೋಮೀಟರು ನಡೆದು, ಐದಾರು ದಿನಗಳ ಮೇಲೆ, ತನ್ನನ್ನು ಹೆತ್ತ ಬಿರುಗಾಳಿ ಸತ್ತು ಮಣ್ಣಾದ ಬಳಿಕ, ಅದು ನಮ್ಮ ದಡವನ್ನು ಮುಟ್ಟುತ್ತದೆ. ಆಳ ನೀರಿನಲ್ಲಿ ಮುಕ್ಕಾಲು ಮೀಟರಿನಷ್ಟು ಮಾತ್ರ ಕಾಣುವ ಈ ಅಲೆ, ತಳ ತಾಗಿದೊಡನೆ ಹಿಗ್ಗಿ ಆಳುದ್ದಕ್ಕೆ ನಿಂತುಬಿಡುವುದುಂಟು. ಕೇರಳದ ಮೀನುಗಾರರು ಇದನ್ನು ಕಳ್ಳಕಡಲು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಹೇಳದೆ ಕೇಳದೆ ಒಳನುಗ್ಗುವುದಕ್ಕೆ ಇದಕ್ಕಿಂತ ತಕ್ಕ ಹೆಸರುಂಟೆ!

ಇನ್ನೊಂದು ಸಂಗತಿ ನನ್ನನ್ನು ಬಹಳ ರಂಜಿಸಿತು. ಈ ಅಲೆಗಳ ಮುನ್ಸೂಚನೆಯನ್ನು ದೇಶಕ್ಕೆಲ್ಲ ಕೊಡುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಇರುವುದು ಕಡಲ ದಂಡೆಯಲ್ಲಲ್ಲ, ಹೈದರಾಬಾದಿನಲ್ಲಿ! 1999ರಲ್ಲಿ ಆರಂಭವಾದ ಸಂಸ್ಥೆಯಿದು. ಸೇಡಂನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದಾದ ಊರಿನಲ್ಲಿ, ನಮ್ಮಷ್ಟೇ ಒಣನೆಲದಲ್ಲಿ ಕುಳಿತವರು ಮಲ್ಪೆಯ ಅಲೆಯ ಎತ್ತರ, ಅವಧಿ, ದಿಕ್ಕುಗಳನ್ನು ಹೇಳುತ್ತಾರೆ. ಅಂದಿನ ಮುನ್ಸೂಚನೆಯನ್ನು ಮೊಬೈಲಿನಲ್ಲಿ ತೆಗೆದು ನೋಡಿದೆವು. ಅಲೆಯ ಅವಧಿ ಹದಿನಾರು ಸೆಕೆಂಡು. ಹಿರಿಯನಿಗೆ ತೋರಿಸಿದರೆ ಆತ ನಕ್ಕ. “ಅದು ನಿನ್ನೆ ಸಂಜೆಯೇ ಗೊತ್ತುಂಟು” ಎಂದು ದೂರದಲ್ಲಿ ಅಲೆ ಒಡೆಯುವ ಸದ್ದಿನ ಕಡೆಗೆ ಕಿವಿ ತೋರಿಸಿದ.

ನಡುವೆ ಅಪ್ರಿಯವಾದ ಕೆಲವು ಮಾತುಗಳನ್ನು ಹೇಳದೆ ವಿಧಿಯಿಲ್ಲ. ಇದೇ ಸೆಂಟ್ ಮೇರೀಸ್ ದ್ವೀಪದಲ್ಲಿ 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ತೀರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಬಾಲಕಿಯರು ಮುಳುಗಿದರು. ಅವರೂ ನಮ್ಮ ಮಕ್ಕಳಂತೆ ಒಣನಾಡಿನವರು. ಡಿಸೆಂಬರು ಕಡಲು ಶಾಂತವಾಗಿರುವ ತಿಂಗಳೆಂದೇ ಹೆಸರು. ಅದೇ 2024ರ ಮೇ ತಿಂಗಳಲ್ಲಿ, ದಕ್ಷಿಣದ ದೂರದಲೆಗಳ ಎಚ್ಚರಿಕೆಯಿದ್ದ ದಿನಗಳಲ್ಲಿಯೇ, ಕನ್ಯಾಕುಮಾರಿ ಜಿಲ್ಲೆಯ ತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಹೋದರು. ದೂರದಲೆಗಳು ತಂಡತಂಡವಾಗಿ ಬರುತ್ತವೆ. ಹಲವು ನಿಮಿಷ ಸಣ್ಣವು, ಆಮೇಲೆ ಮೂರು ನಾಲ್ಕು ದೊಡ್ಡವು. ನಡುವಣ ಆ ಶಾಂತಿಯನ್ನು ನಂಬಿ ಮೊಣಕಾಲುದ್ದದ ನೀರಿಗಿಳಿದವರನ್ನು ಮುಂದಿನ ತಂಡ ಕೆಡವುತ್ತದೆ. ದಡಕ್ಕೇರಿದ ನೀರು ಹಿಂದಿರುಗುವಾಗ ಒಂದು ಓಣಿಯನ್ನು ಹುಡುಕಿಕೊಂಡು ರಭಸದಿಂದ ಒಳಕ್ಕೆ ಹರಿಯುವುದೂ ಉಂಟು. ಅಂಥ ಓಣಿ ಮೇಲ್ನೋಟಕ್ಕೆ ಅಲೆಯೇ ಒಡೆಯದ ಸಮಾಧಾನದ ಜಾಗದಂತೆ ಕಾಣುವುದರಿಂದ, ಅನುಭವವಿಲ್ಲದವರು ಅಲ್ಲಿಯೇ ಇಳಿಯುತ್ತಾರೆ. ಈ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಈಜಿ ಬಳಲಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಈಜು ಬಾರದವರಿಗೆ ಈ ಉಪಾಯವೂ ಇಲ್ಲ. ನಮ್ಮ ಮೂವತ್ತೆಂಟು ಮಂದಿಯಲ್ಲಿ ಈಜು ಬರುತ್ತಿದ್ದವರು ಆರು ಮಂದಿ. ಕಲ್ಲುಗಣಿಯ ಹೊಂಡಗಳಲ್ಲಿ ಕಲಿತವರು. ಗಣಿಯ ನೀರು ನಿಂತಲ್ಲೇ ನಿಲ್ಲುತ್ತದೆ.

ಇನ್ನೂ ಒಂದು ದಿನ ಉಳಿಯುವುದೆಂದು ತೀರ್ಮಾನವಾಯಿತು. ಉಡುಪಿಯ ಛತ್ರವೊಂದರಲ್ಲಿ ಜಾಗ ದೊರೆಯಿತು; ಊಟದ ಚಿಂತೆ ಉಡುಪಿಯಲ್ಲಿ ಯಾರಿಗೂ ಇರುವುದಿಲ್ಲ. ಆ ಮಧ್ಯಾಹ್ನ ಮಕ್ಕಳನ್ನು ದಕ್ಷಿಣಕ್ಕೆ, ಮುಲ್ಕಿಯ ಬಳಿಯ ಸಸಿಹಿತ್ಲಿಗೆ ಕರೆದೊಯ್ದೆ. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸ್ಥಳವದು. ಅಲ್ಲಿ ಕಂಡದ್ದು ಬೇರೆಯೇ ನೋಟ. ಮಲ್ಪೆಯ ಹಿರಿಯ ಯಾವ ಅಲೆಯನ್ನು ನೋಡಿ ದೋಣಿ ಕಟ್ಟಿದನೋ ಅದೇ ಅಲೆಗಾಗಿ ಇಲ್ಲಿ ಹುಡುಗರು ಹಲಗೆಯ ಮೇಲೆ ಬೋರಲಾಗಿ ಮಲಗಿ ಕಾಯುತ್ತಿದ್ದರು! ಉದ್ದನೆಯ ಅಲೆ ಬಂತೆಂದರೆ ನಾಲ್ಕು ಸಲ ಕೈ ಹೊಡೆದು, ನೆಗೆದು ನಿಂತು, ಅದರ ಇಳಿಜಾರಿನಲ್ಲಿ ಓರೆಯಾಗಿ ಜಾರಿಕೊಂಡು ಬರುತ್ತಿದ್ದರು. ಸರ್ಫಿಂಗ್ ಎಂಬ ಈ ಆಟದ ಅಖಿಲ ಭಾರತ ಸ್ಪರ್ಧೆ 2016ರಲ್ಲಿ ಇಲ್ಲಿಯೇ ನಡೆದು, ಅಂದಿನಿಂದ ಸಸಿಹಿತ್ಲು ಹೆಸರುವಾಸಿಯಾಗಿದೆ. ಈ ಆಟದವರಿಗೆ ಮೇ ತಿಂಗಳ ಕೊನೆ, ಜೂನ್ ತಿಂಗಳ ಮೊದಲ ದಿನಗಳೆಂದರೆ ಹಬ್ಬ. ದ್ವೀಪ ನೋಡಹೋಗುವ ಸಂಸಾರಸ್ಥರಿಗೆ ಅದೇ ಮನೆಯಲ್ಲಿ ಕುಳಿತಿರಬೇಕಾದ ಕಾಲ. ಹುಡುಗರಲ್ಲೊಬ್ಬನನ್ನು ಮಾತನಾಡಿಸಿದೆ. ಬೆಳಗಿನ ಹೊತ್ತು ನೆಲದ ಕಡೆಯಿಂದ ಬೀಸುವ ಗಾಳಿ ಅಲೆಯ ಮುಖವನ್ನು ನುಣುಪಾಗಿಸುತ್ತದೆ, ಮಧ್ಯಾಹ್ನದ ಕಡಲಗಾಳಿ ಅದನ್ನು ಕಲಕಿಬಿಡುತ್ತದೆ ಎಂದು ಆತ ವಿವರಿಸಿದ. ಕುಲುಮೆಯವನು ಕಬ್ಬಿಣದ ಕಾವನ್ನು ವರ್ಣಿಸುವಷ್ಟು ನಿಖರವಾಗಿತ್ತು ಆತನ ಮಾತು.

ಮೂರನೆಯ ಬೆಳಿಗ್ಗೆ ಹಿರಿಯ ನಮ್ಮನ್ನು ಕಂಡೊಡನೆ, “ಬನ್ನಿ, ಬನ್ನಿ” ಎಂದ. ಸದ್ದು ಇಳಿದಿತ್ತು. ಎಲ್ಲರಿಗೂ ತೇಲುಕವಚ ಕಟ್ಟಿಸಿ ದೋಣಿ ಹೊರಟಿತು. ಅರ್ಧ ಗಂಟೆಯ ಹಾದಿ. ಬಂದರಿನ ಬಾಯಿ ದಾಟಿದೊಡನೆ ದೋಣಿ ಮೆಲ್ಲನೆ ಏರಿ ಮೆಲ್ಲನೆ ಇಳಿಯತೊಡಗಿತು. ಹಾಡುತ್ತಿದ್ದವರು ಹಾಡು ನಿಲ್ಲಿಸಿ ಕಂಬ ಹಿಡಿದರು, ಇಬ್ಬರಿಗೆ ವಾಂತಿಯಾಯಿತು.

ಸೆಂಟ್ ಮೇರೀಸ್ ಎಂಬುದು ಒಂದು ದ್ವೀಪವಲ್ಲ, ಉತ್ತರದಕ್ಷಿಣವಾಗಿ ಸಾಲುಗೊಂಡ ನಾಲ್ಕು ಮುಖ್ಯ ದ್ವೀಪಗಳ ಗುಂಪು. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ತೋನ್ಸೆಪಾರ್ ಎಂದೂ ಅದಕ್ಕೆ ಹೆಸರುಂಟು. ಉದ್ದ ಸುಮಾರು ಅರ್ಧ ಕಿಲೋಮೀಟರು, ಅಗಲ ನೂರು ಮೀಟರು. ಜನವಸತಿಯಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನಿಲ್ಲಿಸಿ ಸಂತ ಮೇರಿಯ ಹೆಸರಿಟ್ಟನೆಂದು ಪ್ರತೀತಿ. ನನಗೆ ಗಾಮನಿಗಿಂತ ಕಲ್ಲುಗಳೇ ಹೆಚ್ಚು ಹಿಡಿಸಿದವು. ಐದು, ಆರು, ಏಳು ಮೂಲೆಗಳ ಕಂಬಗಳು, ಯಾವನೋ ಶಿಲ್ಪಿ ಕಡೆದು ಜೋಡಿಸಿದಂತೆ ಒತ್ತೊತ್ತಾಗಿ ನಿಂತಿವೆ. ಎತ್ತರದವು ಆರು ಮೀಟರಿನಷ್ಟು. ಕಾದ ಶಿಲಾರಸ ಆರಿ ಕುಗ್ಗುವಾಗ, ಕೆರೆಯ ಕೆಸರು ಒಣಗಿ ಬಿರಿಯುವಂತೆ ಸೀಳಿಕೊಂಡು ಆದ ಕಂಬಗಳಿವು. ಎಂಟೂವರೆ ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡು ದೂರ ಸರಿದಾಗಿನ ಗಾಯದ ಗುರುತು ಇದೆಂದು ವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ.

ಕಲ್ಲು ಸೀಳುವವರೊಬ್ಬರ ಮಗ ಕಂಬವೊಂದನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟು ನೋಡಿದ. “ಸರ, ನಮ್ಮ ಫರಸಿ ಅಡ್ಡ ಬಿಚ್ಚತದ, ಇದು ಉದ್ದ ಬಿಚ್ಚತದ. ಇದಕ್ಕ ಉಳಿ ಹಚ್ಚೋದು ಭಾಳ ತ್ರಾಸ ನೋಡ್ರಿ” ಎಂದ. ಅಲ್ಲಿಯ ದಂಡೆಯಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚು. ಹುಡುಗಿಯರು ಆರಿಸಿ, ನೋಡಿ, ಮತ್ತೆ ಅಲ್ಲಿಯೇ ಇಟ್ಟರು. ನೀರಿಗೆ ಯಾರನ್ನೂ ಇಳಿಸಲಿಲ್ಲ. ಪಡುವಣ ಅಂಚಿನ ಬಂಡೆಗಳ ಮೇಲೆ ಹಸಿರು ಪಾಚಿ. ಶಾಂತವಾದ ದಿನವೂ ಅಲ್ಲಿ ಅಲೆ ಕಂಬಕ್ಕೆ ಬಡಿದು ಆಳೆತ್ತರಕ್ಕೆ ಚಿಮ್ಮುತ್ತಿತ್ತು. ಅದೇ ಅಲೆ ದ್ವೀಪದ ಎರಡು ತುದಿಗಳನ್ನು ಬಳಸಿ ಬಾಗಿ ಬಂದು, ಮೂಡಣ ಮಗ್ಗುಲಲ್ಲಿ ಎರಡು ಮೆಲ್ಲನೆಯ ಗೆರೆಗಳಾಗಿ ಒಂದನ್ನೊಂದು ದಾಟುತ್ತಿತ್ತು. ಮೂವತ್ತೆಂಟು ಮಂದಿ ಅದನ್ನು ನೋಡುತ್ತ ಕುಳಿತೆವು.

ಹೋಗಬಯಸುವ ವಾಚಕರಿಗೆ ಎರಡು ಮಾತು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅಲೆ ಸಾಮಾನ್ಯವಾಗಿ ಒಂದು ಮೀಟರಿನೊಳಗೆ; ಮಕ್ಕಳೊಂದಿಗರಿಗೆ ಅದೇ ಒಳ್ಳೆಯ ಕಾಲ. ಜೂನಿನಿಂದ ಕಡಲು ಮೂರು ಮೀಟರು ಮೀರಿ ಏಳುವುದು ಸಾಮಾನ್ಯ. ಆ ಕರಾವಳಿಗೆ ವರ್ಷಕ್ಕೆ ಬೀಳುವ ಮಳೆ ನಾಲ್ಕು ಸಾವಿರ ಮಿಲಿಮೀಟರು, ನಮ್ಮ ಸೀಮೆಯದರ ಐದು ಪಟ್ಟು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ; ದ್ವೀಪದ ದೋಣಿಗಳೂ ಮಳೆಗಾಲ ಮುಗಿಯುವವರೆಗೆ ನಿಲ್ಲುತ್ತವೆ. 2022ರ ಮೇ ತಿಂಗಳಲ್ಲಿ ಮಲ್ಪೆಯ ತೀರದಲ್ಲಿ ತೇಲುವ ಸೇತುವೆಯೊಂದನ್ನು ತೆರೆದಾಗ ಕೆಲವೇ ದಿನಗಳಲ್ಲಿ ಅಲೆಗಳು ಅದನ್ನು ಕಿತ್ತುಹಾಕಿದವು. ಆಗ ಚಂಡಮಾರುತವಿದ್ದದ್ದು ದೇಶದ ಆ ಬದಿಯ ಬಂಗಾಳ ಕೊಲ್ಲಿಯಲ್ಲಿ! ಹೊರಡುವ ಮುನ್ನ ಮುನ್ಸೂಚನೆ ನೋಡಿ, ಅಲೆಯ ಎತ್ತರವನ್ನಷ್ಟೇ ಅಲ್ಲ, ಅವಧಿಯ ಸೆಕೆಂಡುಗಳನ್ನೂ ನೋಡಿ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೊರಡಿ.

ಹನ್ನೆರಡರ ಸುಮಾರಿಗೆ ನೀರಿನ ಮೇಲ್ಮೈ ಸುಕ್ಕುಗಟ್ಟತೊಡಗಿತು; ಪಡುವಣ ಗಾಳಿ ಎದ್ದಿತ್ತು. ದೋಣಿಯ ಹಿರಿಯ ಕೈ ಬೀಸಿ ಕರೆದ. ತಲೆ ಎಣಿಸಿದೆ: ಮೂವತ್ತೆಂಟು. ಎಲ್ಲರೂ ಹತ್ತಿದರು.