ತೀರ್ಥರೂಪರ ಕಾಗದ

ಸೈನಿಕರ ಮಕ್ಕಳಿಗೆ ಊರು ಒಂದಲ್ಲ. ಆದಕಾರಣ ಶಾಲೆಯೂ ಒಂದಲ್ಲ. ನಮ್ಮ ತೀರ್ಥರೂಪರು ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಹವಾಲ್ದಾರರಾಗಿದ್ದರು. ಅವರಿಗೆ ವರ್ಗವಾದಾಗಲೆಲ್ಲ ತಗಡಿನ ಪೆಟ್ಟಿಗೆಗಳೊಡನೆ ನಾವೂ ನಮ್ಮ ತಂಗಿಯೂ ಹೊರಡುತ್ತಿದ್ದೆವು. ನಮಗೆ ಹತ್ತು ವರ್ಷ ತುಂಬುವುದರೊಳಗಾಗಿ ಉತ್ತರದೇಶದ ಮೂರು ದಂಡುಗಳಲ್ಲಿ ಮೂರು ಶಾಲೆಗಳಾಗಿದ್ದವು. ಅಲ್ಲೆಲ್ಲ ಹಿಂದಿ, ಇಂಗ್ಲೀಷುಗಳಲ್ಲೇ ಪಾಠ. ಕನ್ನಡವು ನಮಗೆ ಮನೆಯ ಮಾತಾಗಿದ್ದಿತೇ ಹೊರತು ಅದರ ಅಕ್ಷರಗಳ ಪರಿಚಯವಿರಲಿಲ್ಲ.

1971ರಲ್ಲಿ ತೀರ್ಥರೂಪರನ್ನು ಗಡಿಗೆ ಕಳುಹಿಸಿದರು. ಅಲ್ಲಿ ಸಂಸಾರವನ್ನು ಇರಿಸಿಕೊಳ್ಳಲು ಅನುಮತಿಯಿಲ್ಲದುದರಿಂದ ತಾಯಿಯವರು ನಮ್ಮನ್ನು ಕರೆದುಕೊಂಡು ಬಂಗಾರಪೇಟೆಯ ಸೋದರಮಾವನವರ ಮನೆಗೆ ಬಂದರು. ಊರಿನ ವೃದ್ಧರು ಆಗಲೂ ಅದನ್ನು ಬೌರಿಂಗ್‌ಪೇಟೆಯೆಂದೇ ಕರೆಯುತ್ತಿದ್ದರು. ಟಿ.ಸಿ.ಯ ಪ್ರಕಾರ ನಾವು ಐದನೆಯ ತರಗತಿಯವರು. ಆದರೆ ಕನ್ನಡದ ಪಾಠಕ್ಕೆ ಒಂದನೆಯ ತರಗತಿಯ ಮಕ್ಕಳ ನಡುವೆ ಕುಳಿತು ‘ಅ, ಆ’ ತಿದ್ದಬೇಕಾಯಿತು. ಚಿಕ್ಕವರ ನಗೆಗೆ ಕೊರತೆಯಿರಲಿಲ್ಲ.

ತೀರ್ಥರೂಪರ ಕಾಗದಗಳ ಮೇಲೆ ಊರಿನ ಹೆಸರಿರುತ್ತಿರಲಿಲ್ಲ, ‘56 ಎ.ಪಿ.ಒ.’ ಎಂಬ ಸೇನೆಯ ಅಂಚೆಯ ಗುರುತು ಮಾತ್ರ. ತಾಯಿಯವರು ದೀಪದ ಬಳಿ ಕುಳಿತು ಓದಿ ಹೇಳುತ್ತಿದ್ದರು. ಕಾಗದವು ಎರಡು ಮಗ್ಗುಲೂ ತುಂಬಿರುತ್ತಿದ್ದಿತು. ನಮ್ಮ ಕಿವಿಗೆ ಬೀಳುತ್ತಿದ್ದುದು ನಾಲ್ಕೇ ಮಾತು. ಅವರ ಕಣ್ಣು ನಡೆದಷ್ಟು ದೂರ ದನಿ ನಡೆಯುತ್ತಿಲ್ಲವೆಂಬುದನ್ನು ನಾವು ಕಂಡುಕೊಂಡೆವು. ಅಂದಿನಿಂದ ಅಕ್ಷರ ತಿದ್ದುವ ನಾಚಿಕೆ ಹೋಗಿ ಹಟ ಹುಟ್ಟಿತು.

ಶನಿವಾರಗಳಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೋಲಾರ ಚಿನ್ನದ ಗಣಿಗೆ, ತಾಯಿಯವರ ತಂದೆಯ ಮನೆಗೆ ಹೋಗುತ್ತಿದ್ದೆವು. ತಾತನವರು ಚಾಂಪಿಯನ್ ರೀಫ್‌ನಲ್ಲಿ ಕೆಲಸಗಾರರು. ಆ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಕ್ಕಿದ್ದು. ಒಂದು ಸಂಜೆ ನೆಲದೊಳಗೆ ಬಂಡೆ ಸಿಡಿದು ಮನೆಯ ಪಾತ್ರೆಗಳೆಲ್ಲ ಗಲಗಲಿಸಿದವು. ಅಜ್ಜಿಯವರು ಒಲೆಯ ಮುಂದಿನಿಂದ ಎದ್ದು ಬಾಗಿಲಲ್ಲಿ ನಿಂತರು. ನೆರೆಯ ತಮಿಳರ, ತೆಲುಗರ ಮನೆಗಳ ಹೆಂಗಸರೂ ಹಾಗೆಯೇ ನಿಂತರು, ಒಬ್ಬರೂ ಮಾತನಾಡಲಿಲ್ಲ. ತಾತನವರು ಪಾಳಿ ಮುಗಿಸಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡ ಮೇಲೆ, “ಮುದ್ದೆ ಆರಿಹೋಯಿತು” ಎಂದಷ್ಟೇ ಅಜ್ಜಿಯವರು ಅಂದರು. ಸಾಲು ಬಿಟ್ಟು ಓದುವ ವಿದ್ಯೆಯನ್ನು ತಾಯಿಯವರು ಯಾರಿಂದ ಕಲಿತರೆಂಬುದು ನಮಗೆ ಆಗ ತಿಳಿಯಿತು.

ಡಿಸೆಂಬರ್ 3ರಂದು ಯುದ್ಧ ಮೊದಲಾಯಿತು. 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತೆಂದು ರೇಡಿಯೋ ಸಾರಿತು. ಕಾಗದ ಮಾತ್ರ ಬರಲಿಲ್ಲ. ತಾಯಿಯವರು ನೀರಿಗೆ ಹೋಗಿದ್ದಾಗ ನಾವು ಪೆಟ್ಟಿಗೆ ತೆರೆದು ಹಳೆಯ ಕಾಗದಗಳನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆವು. ಒಂದರ ಕೊನೆಯಲ್ಲಿ ಹೀಗಿದ್ದಿತು: “ನನಗೇನೇ ಆದರೂ ಮಕ್ಕಳ ಶಾಲೆಯನ್ನು ಇನ್ನೊಮ್ಮೆ ಬದಲಿಸಬೇಡ.” ಪಾಠದ ಪುಸ್ತಕದ ಹೊರಗೆ ನಾವು ಓದಿದ ಮೊದಲ ಕನ್ನಡ ವಾಕ್ಯವು ಅದು. ಪೆಟ್ಟಿಗೆಯನ್ನು ಮುಚ್ಚಿದೆವು, ಓದಿದೆವೆಂದು ಯಾರಿಗೂ ಹೇಳಲಿಲ್ಲ.

ಜನವರಿಯಲ್ಲಿ ಕಾಗದ ಬಂದಿತು. ಬೇಸಗೆಯಲ್ಲಿ ತೀರ್ಥರೂಪರೇ ಬಂದರು. ಮತ್ತೆ ವರ್ಗವಾಗಿದ್ದಿತು, ಈ ಬಾರಿ ಸಂಸಾರಕ್ಕೆ ಅನುಮತಿಯಿರುವ ಊರಿಗೆ. “ನೀವು ಇಲ್ಲಿಯೇ ಇದ್ದು ಓದಿಕೊಳ್ಳಿ” ಎಂದು ಅವರು ಹೇಳಿದರು. “ಟಿ.ಸಿ. ಬರೆಸಿಬಿಡಿ, ಅಪ್ಪ” ಎಂದೆವು ನಾವು. ಕನ್ನಡದ ಪಾಠಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೆವು. ಅಲ್ಲಿಂದ ಪ್ರತಿ ಭಾನುವಾರವೂ ತಾತನವರಿಗೆ ಕಾಗದ ಬರೆದೆವು.

ಆ ಗಣಿಗಳು 2001ರಲ್ಲಿ ಮುಚ್ಚಿದವು. ವರ್ಗವಾಗುವ ನೌಕರರ ಮಕ್ಕಳಿಗಾಗಿ 1963ರಲ್ಲಿ ಮೊದಲಾದ ಕೇಂದ್ರೀಯ ಶಾಲೆಗಳಿಂದ ಪಾಠಕ್ರಮದ ತೊಡಕು ಎಷ್ಟೋ ಕಡಮೆಯಾಗಿದೆ. ಆದರೆ ಮನೆಯ ಅಕ್ಷರವನ್ನು ಕಲಿಸುವ ಭಾರ ಮನೆಯವರದೇ. ಮಕ್ಕಳು ಎಷ್ಟು ಶಾಲೆ ಬದಲಿಸಿದರೂ ಬದಲಿಸಲಿ. ತಂದೆತಾಯಿಗಳ ಕಾಗದವನ್ನು ಅವರೇ ಓದಿಕೊಳ್ಳುವಂತಾಗಲಿ.