ಹದಿಮೂರನೇ ಹುಡುಗ ಮತ್ತು ನನ್ನ 58.6

ಇಲ್ಲಿ ಏನಾದರೂ ಬರೆದು ಬಹಳ ದಿನವಾಯ್ತು. ಕೆಲಸದ ಒತ್ತಡ ಅಂತ ಹೇಳಬಹುದು, ನಿಜ ಹೇಳಬೇಕೆಂದರೆ ಸೋಮಾರಿತನ :)

ಕಂಪನಿ ನನ್ನನ್ನು ಪಿಟ್ಸ್‌ಬರ್ಗಿಗೆ ಕಳಿಸಿ ಮೂರು ವರ್ಷ. ಬಂದ ಹೊಸದರಲ್ಲಿ ಇಲ್ಲಿನ ಫುಟ್‌ಬಾಲ್ ನೋಡಿದರೆ ನಗು ಬರುತ್ತಿತ್ತು. ಕಾಲಲ್ಲಿ ಒದೆಯೋದು ಅಪರೂಪ, ಹೆಸರು ಮಾತ್ರ ಫುಟ್‌ಬಾಲ್! ಈಗ ನೋಡಿದರೆ ಏಪ್ರಿಲ್ ಬಂತೆಂದರೆ ನನಗೂ ಡ್ರಾಫ್ಟ್ ಜ್ವರ. ಇದನ್ನು ಅಂಟಿಸಿದವನು ನಮ್ಮ ಟೀಮಿನ ಮೈಕ್. ಐವತ್ತು ದಾಟಿದ ಮನುಷ್ಯ, ಇದೇ ಊರಲ್ಲಿ ಹುಟ್ಟಿ ಬೆಳೆದವನು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಎನ್ಎಫ್ಎಲ್‌ನಲ್ಲಿ 32 ತಂಡ. ಕಾಲೇಜು ಮುಗಿಸಿದ ಹುಡುಗರನ್ನು ಏಳು ಸುತ್ತಿನಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತಾರೆ. ಥೇಟ್ ನಮ್ಮ ಕ್ಯಾಂಪಸ್ ಇಂಟರ್ವ್ಯೂ. ಅದಕ್ಕೆ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಅಂತ ಪರೀಕ್ಷೆ. ಎತ್ತರ, ತೂಕ, ತೋಳಿನ ಉದ್ದ ಎಲ್ಲಾ ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ. 225 ಪೌಂಡ್, ಅಂದರೆ ಸುಮಾರು 102 ಕೆಜಿ ಭಾರವನ್ನು ಮಲಗಿಕೊಂಡು ಎಷ್ಟು ಸಲ ಎತ್ತುತ್ತಾನೆ ಅಂತ ಎಣಿಸುತ್ತಾರೆ.

ನನಗೆ ಹುಚ್ಚು ಹಿಡಿದಿದ್ದು ಡಿಫೆನ್ಸಿವ್ ಟ್ಯಾಕಲ್ ಅನ್ನೋ ಜಾಗದ ಮೇಲೆ. ಎದುರಾಳಿ ಸಾಲಿನ ನಟ್ಟನಡುವೆ ನಿಲ್ಲುವ ದೈತ್ಯ. ಎಷ್ಟೋ ಸಲ ಇಬ್ಬರು ಸೇರಿ ಇವನನ್ನು ತಳ್ಳುತ್ತಾರೆ, ಇವನು ಜಾಗ ಬಿಟ್ಟುಕೊಡಬಾರದು. ಪೇಪರಿನಲ್ಲಿ ಹೆಸರು ಬರುವ ಕೆಲಸ ಅಲ್ಲ. ಇವನು ಇಬ್ಬರನ್ನು ಹಿಡಿದಿಟ್ಟರೆ ಪಕ್ಕದವನಿಗೆ ದಾರಿ ಬಿಡುತ್ತದೆ, ಹೆಸರೂ ಪಕ್ಕದವನಿಗೇ. (ನಮ್ಮ ಟೆಸ್ಟಿಂಗ್ ಟೀಮಿನವರು ಇದನ್ನು ಓದಿ ತಲೆಯಾಡಿಸಬಹುದು.)

ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ? ಎಕ್ಸೆಲ್ ತೆಗೆದೆ. ಎತ್ತರ, ತೂಕ, ತೋಳು, ಓಟ, ಭಾರ, ಐದು ಕಾಲಂ. ಆರಡಿ ಎರಡಿಂಚಿಗಿಂತ ಕಡಿಮೆ ಇದ್ದವರು ಔಟ್, 295 ಪೌಂಡಿಗಿಂತ ಕಡಿಮೆ ಇದ್ದವರೂ ಔಟ್. ಉಳಿದವರಿಗೆ ಅಂಕ. ಹಳೇ ವರ್ಷದವರನ್ನೂ ಹಾಕಿ ನೋಡಿದೆ. 2022ರ ಜೋರ್ಡನ್ ಡೇವಿಸ್ ಮೇಲಕ್ಕೆ ಬಂದ. ಆರಡಿ ಆರಿಂಚು, 341 ಪೌಂಡ್, ಆ ದೇಹ ಹೊತ್ತು 40 ಗಜವನ್ನು 4.78 ಸೆಕೆಂಡಿನಲ್ಲಿ ಓಡಿದ್ದ. ನನಗೆ ಬಲು ಖುಷಿ, ಲ್ಯಾಪ್‌ಟಾಪ್ ಹಿಡಿದುಕೊಂಡು ಶನಿವಾರ ಮೈಕ್ ಮನೆಗೆ ಹೋದೆ.

ಮೈಕ್ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳಿದ. "ಡೊನಾಲ್ಡ್ ಎಲ್ಲಿ?"

ಆರನ್ ಡೊನಾಲ್ಡ್. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಹುಡುಗ. ಆರಡಿ ಒಂದಿಂಚು, 285 ಪೌಂಡ್. ನನ್ನ ಎರಡೂ ಗೆರೆಯ ಕೆಳಗೆ ಬಿದ್ದು ಪಟ್ಟಿಯಿಂದಲೇ ಮಾಯವಾಗಿದ್ದ! 4.68 ಸೆಕೆಂಡಿನ ಓಟ, 35 ಸಲ ಎತ್ತಿದ ಭಾರ, ಯಾವುದನ್ನೂ ನನ್ನ ಫಾರ್ಮುಲಾ ನೋಡಿಯೇ ಇರಲಿಲ್ಲ. 2014ರಲ್ಲಿ ಅವನನ್ನು ಆರಿಸಿದ್ದು 13ನೇ ಸರದಿಯಲ್ಲಿ. ಆಮೇಲೆ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ ಪ್ರಶಸ್ತಿ ಮೂರು ಸಲ (2017, 2018, 2020), ಒಂದು ಸೂಪರ್ ಬೌಲ್, 2024ರಲ್ಲಿ ನಿವೃತ್ತಿ. ತಮಾಷೆ ನೋಡಿ, ಡೇವಿಸ್‌ನನ್ನು ಆರಿಸಿದ್ದೂ 13ನೇ ಸರದಿಯಲ್ಲೇ.

ಮೈಕ್ ಟಿವಿಯಲ್ಲಿ ಡೊನಾಲ್ಡನ ಕಾಲೇಜು ಆಟ ಹಾಕಿದ. "ಚೆಂಡು ನೋಡಬೇಡ, 97ನೇ ನಂಬರ್ ನೋಡು" ಅಂದ. ಚೆಂಡು ಅಲುಗಿದ ಕ್ಷಣವೇ ಆ ಹುಡುಗನ ಮೊದಲ ಹೆಜ್ಜೆ ಬಿದ್ದಾಗಿರುತ್ತಿತ್ತು. ಎದುರಿನವನು ಕೈ ಎತ್ತುವಷ್ಟರಲ್ಲಿ ಇವನ ಕೈ ಅವನ ಎದೆಯ ಮೇಲೆ. ಗಿಡ್ಡ ಅನ್ನೋದು ಅಲ್ಲಿ ಲಾಭ. ಕೆಳಗಿನಿಂದ ಎತ್ತಿದವನಿಗೇ ಬಲ ಹೆಚ್ಚು. ಇದು ನಮ್ಮ ದಾವಣಗೆರೆ ಗರಡಿ ಮನೆ ಹುಡುಗರಿಗೂ ಗೊತ್ತು, ನನ್ನ ಎಕ್ಸೆಲ್‌ಗೆ ಗೊತ್ತಿರಲಿಲ್ಲ. 40 ಗಜದ ಓಟಕ್ಕಿಂತ ಮೊದಲ ಹತ್ತು ಗಜ ಮುಖ್ಯವಂತೆ, ಆ ಜಾಗದವನು ಆಟದಲ್ಲಿ 40 ಗಜ ಓಡೋದು ಅಪರೂಪ. ಉದ್ದ ತೋಳಿನವನು ಭಾರ ಕಡಿಮೆ ಸಲ ಎತ್ತಿದರೆ ತಪ್ಪು ತಿಳಿಯಬಾರದಂತೆ, ಅವನು ಪ್ರತಿ ಸಲವೂ ಹೆಚ್ಚು ದೂರ ಎತ್ತಬೇಕು. ನಾಲ್ಕನೇ ಕ್ವಾರ್ಟರಿನಲ್ಲಿ ಉಸಿರು ಕಟ್ಟಿದಾಗ ಹೇಗೆ ಆಡ್ತಾನೆ ಅನ್ನೋದನ್ನು ಮಾತ್ರ ತಪ್ಪದೆ ನೋಡಬೇಕಂತೆ.

"ಹಾಗಾದರೆ ಅಳತೆ ಎಲ್ಲಾ ಸುಳ್ಳಾ?" ಅಂದೆ.

"ಸುಳ್ಳಲ್ಲ. ಗಿಡ್ಡ ಹುಡುಗರಲ್ಲಿ ಬಹಳ ಜನ ಡೊನಾಲ್ಡ್ ಆಗಲ್ಲ. ಆದರೆ ಆಟ ನೋಡದೆ ಯಾರನ್ನೂ ಅಳಿಸಬೇಡ."

ನಗುತ್ತಾ ಹೇಳಿದ. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಹಿಂದಿನ ವಾರವಷ್ಟೇ ನಮ್ಮ ಮ್ಯಾನೇಜರ್ ಇಂಟರ್ನ್‌ಗಳ ರೆಸ್ಯೂಮೆ ಸೋಸೋಕೆ ಒಂದು ಸ್ಕ್ರಿಪ್ಟ್ ಬರೆದುಕೊಡು ಅಂದಿದ್ದರು. ಜಿಪಿಎ 3.5ಕ್ಕಿಂತ ಕಡಿಮೆ ಇದ್ದರೆ ಔಟ್. ಒಂದೇ ಸಾಲಿನ ಕೋಡ್. ಎರಡನೇ ಸಲ ಯೋಚಿಸದೆ ಬರೆದುಕೊಟ್ಟಿದ್ದೆ.

ಬರೆದವನು ಯಾರು? ಬಿಇಯಲ್ಲಿ 58.6 ಪರ್ಸೆಂಟ್ ತೆಗೆದವನು. ಐದನೇ ಸೆಮಿಸ್ಟರಿನಲ್ಲಿ ಅಪ್ಪನಿಗೆ ಬೈಪಾಸ್ ಆಯ್ತು, ಒಂದು ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದೆ, ಎರಡು ಸಬ್ಜೆಕ್ಟ್ ಹೋಯ್ತು. ಫೈನಲ್ ಇಯರಿನಲ್ಲಿ ದೊಡ್ಡ ಕಂಪನಿಯೊಂದು ಕ್ಯಾಂಪಸ್ಸಿಗೆ ಬಂದಾಗ 60 ಪರ್ಸೆಂಟ್ ಕಟಾಫ್. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಫೈಲ್ ಹಿಡಿದು ಹೋಗಿದ್ದೆ, ಏನೋ ಬಿಡಬಹುದು ಅನ್ನೋ ಆಸೆ. ಬಾಗಿಲಲ್ಲೇ ಹೆಸರು ನೋಡಿ "ಲಿಸ್ಟಲ್ಲಿ ಇಲ್ಲಪ್ಪ" ಅಂದರು. ಗೆಳೆಯರೆಲ್ಲ ಒಳಗೆ ಟೆಸ್ಟ್ ಬರೆಯುತ್ತಿದ್ದರು, ನಾನು ಕ್ಯಾಂಟೀನಿನಲ್ಲಿ ಎರಡು ಟೀ ಕುಡಿದೆ. ಸಂಜೆ ಅಮ್ಮ ಫೋನ್ ಮಾಡಿ "ಹೆಂಗಾತೋ?" ಅಂದಾಗ "ಪರವಾಗಿಲ್ಲಮ್ಮ, ಸ್ವಲ್ಪ ಕಷ್ಟ ಇತ್ತು" ಅಂದೆ.

ಸೋಮವಾರ ಮ್ಯಾನೇಜರ್ ಹತ್ತಿರ ಹೋಗಿ, ತೆಗೆದುಹಾಕಿದ ರೆಸ್ಯೂಮೆಗಳನ್ನು ನಾನೇ ಓದ್ತೀನಿ ಅಂದೆ. "ನಿನ್ನ ಸಮಯ, ನಿನ್ನಿಷ್ಟ" ಅಂದರು. ಮೂರು ಸಂಜೆ ಕೂತು ಓದಿದೆ. ಬಹಳಷ್ಟು ರೆಸ್ಯೂಮೆಗಳಲ್ಲಿ ನಿಜಕ್ಕೂ ಏನೂ ಇರಲಿಲ್ಲ, ಅದನ್ನೂ ಹೇಳಲೇಬೇಕು. ಇಬ್ಬರನ್ನು ಇಂಟರ್ವ್ಯೂಗೆ ಕರೆಸಿದೆವು. ಒಬ್ಬ ಪೂರ್ತಿ ತಡವರಿಸಿದ, ಆಗಲಿಲ್ಲ. ಇನ್ನೊಬ್ಬಳು ರಾತ್ರಿ ಪಾಳಿಯಲ್ಲಿ ಅಂಗಡಿ ಕೆಲಸ ಮಾಡಿಕೊಂಡು ಓದುತ್ತಿದ್ದವಳು. ಬೋರ್ಡ್ ಮೇಲೆ ಬರೆದ ಉತ್ತರದಲ್ಲಿ ತಪ್ಪು ಕಂಡಾಗ ಹೆದರದೆ ಅಳಿಸಿ ಮತ್ತೆ ಮೊದಲಿಂದ ಶುರುಮಾಡಿದಳು. ಜೂನ್‌ಗೆ ಸೇರ್ತಾಳೆ. ಸ್ಕ್ರಿಪ್ಟಿನಲ್ಲಿ ಗೆರೆ ಇನ್ನೂ ಇದೆ, 3.0ಕ್ಕೆ ಇಳಿದಿದೆ, ಅಷ್ಟೇ.

ಮೊನ್ನೆ ಭಾನುವಾರ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿದ್ದೆ. ಡೊನಾಲ್ಡ್ ಓದಿದ್ದು ಪೆನ್ ಹಿಲ್ಸ್ ಹೈಸ್ಕೂಲಿನಲ್ಲೇ. ಮೂರು ವರ್ಷದಿಂದ ಪುಳಿಯೋಗರೆ ತಿನ್ನೋಕೆ ಅಲ್ಲಿಗೆ ಹೋಗ್ತಿದ್ದರೂ ನನಗೆ ಇದು ಗೊತ್ತಿರಲಿಲ್ಲ! ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ಆ ಟೆಸ್ಟಿನ ವಿಷಯ ಹೇಳಿಬಿಡೋಣ ಅಂದುಕೊಂಡೆ.

ಅಮ್ಮ "ಊಟ ಆತಾ?" ಅಂದಳು. "ಆಯ್ತಮ್ಮ" ಅಂದೆ. ಈ ಸಲವೂ ಹೇಳಲಿಲ್ಲ.

ನಿಮ್ಮಲ್ಲಿ ಯಾರಾದರೂ ಆ ಬಾಗಿಲ ಹೊರಗೆ ನಿಂತಿದ್ದರೆ ಬರೆಯಿರಿ. ಮುಂದಿನ ಸಲ ಬೇಗ ಬರ್ತೀನಿ, ನಿಜವಾಗ್ಲೂ :)