ಒಣ ಬಿಸಿಲಿಗೆ ಸುಟ್ಟ ಕಪ್ಪು

ಬೆಟಗೇರಿಯ ನಮ್ಮ ಮನೆ ಮೇಲಿನ ಸೋಲಾರ್ ಈ ಬ್ಯಾಸಗಿ ಮುಗಿಯೂದ್ರಾಗ ಬಣ್ಣಗೆಟ್ಟಿತು. ಗಾಜಿನ ಕೆಳಗಿನ ಕಡುಗಪ್ಪು ತಗಡು ಅಲ್ಲಲ್ಲಿ ಬೂದಿಬಣ್ಣಕ್ಕೆ ತಿರುಗಿದೆ. ನೋಡಲು ಬಂದ ಪ್ಲಂಬರ್, ‘ಒಣಾ ಬಿಸಲಿಗೆ ಸುಟ್ಟೈತ್ರಿ’ ಅಂದ. ‘ಬಿಸಲಾಗ ಇಡಾಕಂತನ ಮಾಡಿದ್ದು ಬಿಸಲಿಗೆ ಹೆಂಗ ಸುಡತೈತೋ ತಮ್ಮಾ?’ ಅಂತ ಅವ್ವ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ.

ಬಚ್ಚಲ ಹಂಡೆಯ ಮಸಿಯೂ ಕಪ್ಪು, ಇದೂ ಕಪ್ಪು. ಆದರೆ ಮಸಿ ಎಷ್ಟು ಬೇಗ ಕಾಯುತ್ತದೋ ಅಷ್ಟೇ ಬೇಗ ಕಾವನ್ನು ಹೊರಗೆ ಚೆಲ್ಲುತ್ತದೆ. ಸೋಲಾರ್ ತಗಡಿನ ಕಪ್ಪು ಜಿಪುಣ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಹೀರಿಕೊಂಡು, ಕಾವನ್ನು ಬಹಳ ಕಡಿಮೆ ಹೊರಬಿಡುತ್ತದೆ. ಇದಕ್ಕೆ ಬಳಸುವ ಲೇಪಗಳಲ್ಲಿ ಹಳೆಯದೊಂದು ಬ್ಲ್ಯಾಕ್ ಕ್ರೋಮ್. ತಾಮ್ರದ ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮಿಯಂ ಕಣ ಬೆರೆತ ಆಕ್ಸೈಡಿನ ಪದರ. ದಪ್ಪ ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ.

ಪೈಪಿನಲ್ಲಿ ನೀರಿದ್ದರೆ ಆ ಕಾವನ್ನು ನೀರು ಒಯ್ಯುತ್ತದೆ, ತಗಡು ತಂಪಾಗೇ ಇರುತ್ತದೆ. ನಮ್ಮಲ್ಲಿ ನಳ ದಿನಾ ಬರೂದಿಲ್ಲ. ಬ್ಯಾಸಗ್ಯಾಗ ಟಾಕಿ ಬರಿದಾಗಿ ಪೈಪು ಒಣಗಿದರೆ ಕಾವು ಒಯ್ಯುವವರೇ ಇಲ್ಲ. ಆಗ ತಗಡು 150 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾವಿನಲ್ಲಿ ಕ್ರೋಮಿಯಂ ಕಣಗಳು ನಿಧಾನಕ್ಕೆ ಗಾಳಿಯ ಆಮ್ಲಜನಕದ ಜೊತೆ ಕೂಡಿ ಆಕ್ಸೈಡ್ ಆಗುತ್ತವೆ. ಕಪ್ಪಿನ ಹೀರುವ ಶಕ್ತಿ ಇಳಿಯುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಪದರ ಸಣ್ಣಗೆ ಬಿರಿಯುತ್ತದೆ. ಗಾಜಿನ ಸಂದಿಯಿಂದ ತೇವ ಹೊಕ್ಕರೆ ಮುಗೀತು. ಬೋರಿನ ಗಡಸು ನೀರಿನ ಉಪ್ಪು ಪೈಪಿನೊಳಗೆ ಗಟ್ಟಿಯಾಗಿ ಕೂತರೂ ಅಷ್ಟೇ: ನೀರಿದ್ದರೂ ಕಾವು ಅದಕ್ಕೆ ಸರಿಯಾಗಿ ದಾಟುವುದಿಲ್ಲ.

ಇಂಥ ಲೇಪದ ಬಾಳಿಕೆ ಅಳೆಯಲು 2014ರಲ್ಲಿ ಐಎಸ್‌ಒ 22975-3 ಅನ್ನೋ ಮಾನದಂಡ ಬಂತು. 25 ವರ್ಷ ಬಾಳಬೇಕು ಅನ್ನುವುದು ಅದರ ಲೆಕ್ಕ. ನಮ್ಮನೆಯದು ಅದರ ಅರ್ಧಕ್ಕೂ ಬರಲಿಲ್ಲ. ಈಗ ಮಧ್ಯಾಹ್ನ ಮೂರಕ್ಕೂ ನೀರು ಉಗುರುಬೆಚ್ಚಗೆ. ಮಂಡಿನೋವಿನ ಅವ್ವನ ಜಳಕಕ್ಕೆ ಮತ್ತೆ ಹಂಡೆ, ಮತ್ತೆ ಕಟ್ಟಿಗೆ, ಮತ್ತೆ ಅದೇ ಹೊಗೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬೀಗರು ‘ಎಷ್ಟು ಲೀಟರಿಂದು ಹಾಕಸೂಣು?’ ಅಂತ ಫೋನ್ ಮಾಡುತ್ತಾರೆ. ‘ನಿಮ್ಮಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬರತೈತ್ರಿ?’ ಅಂತ ನಾನು ಮೊದಲು ಕೇಳುತ್ತೇನೆ. ಟಾಕಿ ಬರಿದಾದ ದಿನ ಗಾಜಿನ ಮೇಲೆ ಹಳೇ ಚಾದರ ಹೊಚ್ಚರಿ, ನೀರು ಬಂದಾಗ ಸುಡುಬಿಸಿಲಾಗ ತುಂಬಬ್ಯಾಡ್ರಿ, ನಸುಕಿನ್ಯಾಗ ತುಂಬರಿ ಅಂತೀನಿ. ನಕ್ಕರೂ ಚಾದರ ಹೊಚ್ಚತಾರ.